ಗಾಜು ಬಿದ್ದರೆ ಏಳುತ್ತಾ

ಡಿಸೆಂಬರ್ ೨೯, ಸೋಮವಾರ
ಮಧ್ಯಾಹ್ನ

ಅಮ್ಮಾ,

ನಮಸ್ಕಾರ. ಹೇಗಿದ್ದೀಯ ಎಂದು ಕೇಳುವುದಿಲ್ಲ. ಅದನ್ನು ನೀನೇ ನಿನ್ನೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದೀಯ. ಬಿ.ಪಿ. ಏರಿದೆ, ನಿದ್ದೆ ಹತ್ತುತ್ತಿಲ್ಲ, ಹಾಲ್‌ನ ಜಮಖಾನೆಯಲ್ಲಿ ಇನ್ನೂ ಗಾಜಿನ ಚೂರು ಸಿಗುತ್ತಿದೆ, ನಾಲ್ಕು ಜನರ ಮುಂದೆ ತಲೆ ಎತ್ತುವ ಹಾಗಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಿಂದಲೂ ಆಗುವುದಿಲ್ಲ. ಕನ್ನಡಕ ಹಾಕಿಕೊಂಡು, ಕೂತುಕೊಂಡು ಪೂರ್ತಿ ಓದು.

ಮೂರು ಜನರಿಗೆ ಕ್ಷಮೆ ಕೇಳಿ ಬರೆಯಬೇಕು ಎಂದು ನಿನ್ನ ಅಪ್ಪಣೆ. ಹಲ್ಲಿನ ಡಾಕ್ಟರ ಹೆಂಡತಿಗೆ ಬರೆದಾಗಿದೆ. ಕಾಲ ಬುಡದಲ್ಲಿ ಗಾಜು ಒಡೆದು, ಕಿತ್ತಳೆಹಣ್ಣೆಲ್ಲ ಉರುಳಿ ಬಂದು, ಪಾಪ ಅವರು ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತುಬಿಟ್ಟರು. ಅವರಿಗೂ ನನಗೂ ಯಾವ ಜಗಳವೂ ಇಲ್ಲ. ಎದುರುಮನೆಯ ಹೆಡ್‌ಮಿಸ್‌ಗೂ ಎರಡು ಸಾಲು ಬರೆದಿದ್ದೇನೆ. ಮೂರನೆಯವನಿಗೆ ಬರೆಯುವುದಿಲ್ಲ. ನೀನು ಎಷ್ಟು ಸಲ ಫೋನ್ ಇಟ್ಟರೂ ಬರೆಯುವುದಿಲ್ಲ.

ಇನ್ನೊಂದು ಮಾತು. ಬಂದವರಿಗೆಲ್ಲ ನೀನು 'ಕೈ ಜಾರ್ತು ಪಾಪ, ಅಂಗಡಿ ಕೆಲ್ಸ ಮಾಡಿ ಮಾಡಿ ಸುಸ್ತಾಗಿದ್ಲು' ಎಂದು ಹೇಳಿಕೊಂಡು ಬರುತ್ತಿದ್ದೀಯಂತೆ. ತಮ್ಮ ಹೇಳಿದ. ದಯವಿಟ್ಟು ನನ್ನ ಪರವಾಗಿ ಸುಳ್ಳು ಹೇಳಬೇಡ. ಕೈ ಜಾರಲಿಲ್ಲ. ಆ ಗಾಜಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದೆ, ಎದೆಯ ಮಟ್ಟಕ್ಕೆ ತಂದೆ, ಬಿಟ್ಟೆ. ದಿನ ಬೆಳಗಾದರೆ ಗಾಜು ಕತ್ತರಿಸಿ ಫೋಟೋಗಳಿಗೆ ಚೌಕಟ್ಟು ಹಾಕುವವಳು ನಾನು. ಎಂಥ ಗಾಜು ಎಷ್ಟು ಎತ್ತರದಿಂದ ಬಿದ್ದರೆ ಒಡೆಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೇ ಆದರೂ ನಾನು ನಿಂತಿದ್ದ ಕಡೆಯಿಂದ ಒಂದು ಸಲ ನೋಡು.

ವರ್ಷವಿಡೀ ಬರದಿದ್ದರೂ ಚಳಿಗಾಲದ ರಜೆಗೆ ನಿನ್ನ ಮುದ್ದಿನ ಮೊಮ್ಮಗಳು ಗುಬ್ಬಿಯನ್ನು ಕರೆದುಕೊಂಡು ಬಾ ಎಂದವಳು ನೀನು. ಬಂದೆ. ಬಸ್ಸಿನಲ್ಲಿ ಅವಳಿಗೆ ನಿನ್ನ ಮನೆಯದೇ ಜಪ. ಅಜ್ಜಿ ಈ ಸಲ ಕಿಟಕಿಗೆ ಯಾವ ಬಣ್ಣದ ನಕ್ಷತ್ರ ಕಟ್ಟುತ್ತಾಳೆ, ಮೆಟ್ಟಿಲ ಕಂಬಿಗೆ ಎಲೆ ಸುತ್ತಿರುತ್ತಾಳಾ, ಮೇಣದ ಬತ್ತಿ ಹಚ್ಚಲು ತನಗೆ ಬಿಡುತ್ತಾಳಾ. ನನಗೂ ಆಸೆಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಒಂದು ವಾರ ನಮ್ಮ ಮನೆ ಇದ್ದ ಹಾಗೆ ಬೀದಿಯಲ್ಲಿ ಇನ್ನೊಂದು ಮನೆ ಇರುವುದಿಲ್ಲ. ಪರದೆಯೆಲ್ಲ ಒಗೆದು ಇಸ್ತ್ರಿಯಾಗಿರುತ್ತದೆ, ಕೇಕಿನ ವಾಸನೆ ಗೇಟಿನವರೆಗೂ ಬರುತ್ತದೆ, ಸಂಜೆಯಾದರೆ ಕಿಟಕಿಗಳಲ್ಲಿ ಅಪ್ಪ ತಂದಿದ್ದ ಬಲ್ಬಿನ ಸರ. ಆ ಸರದ ಒಂದು ಬಲ್ಬು ಕೆಟ್ಟರೆ ಇಡೀ ಸರ ಕತ್ತಲೆ. ಹೊಸದು ತಂದುಕೊಡುತ್ತೇನೆ ಎಂದರೆ ನೀನು ಕೇಳುವವಳಲ್ಲ. ಅಪ್ಪ ತಂದಿದ್ದು, ಅದೇ ಉರಿಯಬೇಕು.

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಏಣಿ. ಏಣಿಯ ಮೇಲೆ ಅವನು, ಕೊರಳಿಗೆ ಬಲ್ಬಿನ ಸರ ಸುತ್ತಿಕೊಂಡು. ಕೆಳಗೆ ಏಣಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ನೀನು. ಗುಬ್ಬಿ 'ಅಪ್ಪಾ' ಎಂದು ಓಡಿದಳು. ನಾನು ಎರಡು ಚೀಲ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತೆ. ಅವನು ಮೇಲಿನಿಂದಲೇ, ನಾವಿಬ್ಬರೂ ಬೆಳಿಗ್ಗೆ ಒಟ್ಟಿಗೆ ಕಾಫಿ ಕುಡಿದು ಎದ್ದವರ ಹಾಗೆ, 'ಬಂದ್ಯಾ, ಆ ಟೇಪ್ ಸ್ವಲ್ಪ ಕೊಡು' ಅಂದ.

ಅಡುಗೆಮನೆಗೆ ಬಂದು ನಿನ್ನನ್ನು ಕೇಳಿದೆ, ಇವನು ಇಲ್ಲಿ ಯಾಕೆ ಎಂದು. ನೀನು ಮೆಣಸಿನ ಪುಡಿ ಹುಡುಕುತ್ತಾ, ನನ್ನ ಮುಖ ಕೂಡ ನೋಡದೆ, 'ಸರ ಹತ್ಕೊಳ್ತಾ ಇರ್ಲಿಲ್ಲ ಕಣೆ, ಯಾವ ಬಲ್ಬು ಸತ್ತಿದೆ ಅಂತ ಕಂಡುಹಿಡಿಯೋಕೆ ಅಳಿಯಂದ್ರಿಗೆ ಒಬ್ರಿಗೇ ಬರೋದು' ಎಂದೆ. ನಿನ್ನ ಮಗನಿಗೆ ಸ್ಟೂಲು ಹತ್ತಿದರೆ ತಲೆ ತಿರುಗುತ್ತದೆ, ಒಪ್ಪಿದೆ. ಬೀದಿಯ ತುದಿಯಲ್ಲಿ ಕರೆಂಟಿನ ಕೆಲಸದವನು ಇದ್ದಾನಲ್ಲ ಎಂದೆ. ಆಗ ನೀನು ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. 'ಮದುವೆ ಮುರ್ಕೊಂಡಿದ್ದು ನೀನು. ದೀಪದ ಸರ ನಿಂಗೇನು ಮಾಡಿತ್ತು?'

ನಾನು ಆಗಲೇ ಚೀಲ ಎತ್ತಿಕೊಂಡು ಹೊರಡಬೇಕಿತ್ತು. ಗುಬ್ಬಿ ಆಗಲೇ ನಕ್ಷತ್ರಗಳ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಚೀಲ ಒಳಗಿಟ್ಟೆ. ಸರ ಕಟ್ಟಿ ಹೋಗುತ್ತಾನೆ ಎಂದುಕೊಂಡೆ. ಅವನು ಹೋಗಲಿಲ್ಲ. ಸ್ನಾನ ಮಾಡಿ, ಅಪ್ಪನ ಸ್ವೆಟರ್ ಹಾಕಿಕೊಂಡು ಬಂದು, ಬಾಗಿಲಲ್ಲಿ ನಿಂತು ನಿನ್ನ ಅತಿಥಿಗಳ ಕೋಟು ಇಸಿದುಕೊಂಡ. ಅಪ್ಪನ ಸ್ವೆಟರನ್ನು ಅವನಿಗೆ ತೆಗೆದುಕೊಟ್ಟವಳೂ ನೀನೇ. ತಮ್ಮನಿಗೂ ಕೊಡದೆ ಬೀರುವಿನಲ್ಲಿ ಇಟ್ಟಿದ್ದ ಸ್ವೆಟರ್ ಅದು.

ಮನೆ ಚೆನ್ನಾಗಿಯೇ ಕಂಡಿತು, ಇಲ್ಲವೆನ್ನುವುದಿಲ್ಲ. ಗೋಡೆಯ ಮೇಲೆ ನನ್ನ ಮದುವೆಯ ಫೋಟೋ ಇನ್ನೂ ಇದೆ, ಅದರ ಸುತ್ತಲೂ ಒಂದು ಎಳೆ ದೀಪ ಬೇರೆ. ಆ ಚೌಕಟ್ಟು ಹಾಕಿದವಳು ನಾನೇ, ಅಂಗಡಿಗೆ ಸೇರಿದ ಹೊಸದರಲ್ಲಿ. ಹೆಡ್‌ಮಿಸ್ ಅದನ್ನೂ ನನ್ನನ್ನೂ ಎರಡು ಸಲ ನೋಡಿದರು. ನೀನು ತಕ್ಷಣ ಅವರ ತಟ್ಟೆಗೆ ಕೇಕು ಹಾಕಿದೆ. ವಿಚ್ಛೇದನ ಆಗಿ ಎರಡು ವರ್ಷವಾದರೂ ನಿನ್ನ ಬಾಯಲ್ಲಿ ಅವನು 'ಅಳಿಯಂದ್ರು', ನಾನು 'ಅವಳಿಗೆ ಸ್ವಲ್ಪ ಮೂಗಿನ ಮೇಲೆ ಕೋಪ'.

ಮೇಜಿನ ಮಧ್ಯೆ ಆ ನೀಲಿ ಗಾಜಿನ ಬಟ್ಟಲು. ಅದರ ತುಂಬ ಕಿತ್ತಳೆಹಣ್ಣು. ಅದು ನನ್ನ ಮನೆಯಲ್ಲಿದ್ದ ಬಟ್ಟಲು. ನಾವು ಬೇರೆಯಾದಾಗ ಅವನ ಪಾಲಿಗೆ ಹೋಯಿತು. ಅವನು ಅದನ್ನು ತಂದು ನಿನಗೆ ಉಡುಗೊರೆ ಕೊಟ್ಟ, ನೀನು ಇಸಿದುಕೊಂಡೆ. ಇಸಿದುಕೊಂಡು ಕಪಾಟಿನಲ್ಲಿ ಇಟ್ಟಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ. ಪ್ರತಿ ಚಳಿಗಾಲಕ್ಕೂ ಅದು ಮೇಜಿನ ಮೇಲೆ ಬರುತ್ತದೆ. ಹೊಸಬರು ಯಾರಾದರೂ 'ಚೆನ್ನಾಗಿದೆ ಬಟ್ಟಲು' ಅಂದರೆ ಸಾಕು, 'ಅಯ್ಯೋ ಇದರ ಕಥೆ ಕೇಳಿ' ಎಂದು ನೀನು ಶುರು ಮಾಡುತ್ತೀಯ. ಈ ಸಲ ಅಂದವರು ಹಲ್ಲಿನ ಡಾಕ್ಟರು. ನೀನು ಅವನ ಕಡೆ ನೋಡಿ 'ನೀವೇ ಹೇಳಿ, ನೀವು ಹೇಳಿದ್ರೇನೇ ಚೆಂದ' ಎಂದೆ.

ಅವನು ಹೇಳಿದರೆ ಚೆಂದವೇ. ಮಾತಿನಲ್ಲೇ ಸೋಫಾ ಮಾರಿ ಬದುಕುವವನು, ಮನೆಯಲ್ಲಿ ಒಳ್ಳೆಯ ಸೋಫಾ ಇದ್ದವರಿಗೂ ಅದು ಹಳತು ಅನ್ನಿಸುವ ಹಾಗೆ ಮಾತಾಡುತ್ತಾನೆ. ಅವನ ಕಥೆ ಇದು: ನಮ್ಮ ಹೊಸ ಮನೆಯಲ್ಲಿ ಮೊದಲನೇ ಚಳಿಗಾಲದ ಪಾರ್ಟಿ, ಅತಿಥಿಗಳು ಬರುವ ಹೊತ್ತು, ಮೇಡಂ, ಅಂದರೆ ನಾನು, ಏಣಿ ಹತ್ತಿ ನಕ್ಷತ್ರ ಕಟ್ಟುತ್ತಿದ್ದಾರೆ. ಇಲ್ಲಿ ಎದ್ದು ನಿಂತು ನನ್ನ ಹಾಗೆ ಕತ್ತು ಚಾಚಿ ತೋರಿಸುತ್ತಾನೆ. ಧಡಾರ್. ಮೇಡಂ ಕೆಳಗೆ, ಮೇಜಿನ ಬಟ್ಟೆ ಮೇಡಂ ಕೈಯಲ್ಲಿ, ಬಟ್ಟಲು ಗಾಳಿಯಲ್ಲಿ. 'ನಾನು ಓಡಿ ಹೋಗಿ ಹಿಡಿದೆ' ಎಂದು ನಿಲ್ಲಿಸುತ್ತಾನೆ. ಎಲ್ಲರೂ ಹೆಂಡತಿಯನ್ನು ಎಂದುಕೊಳ್ಳುತ್ತಾರೆ. 'ಬಟ್ಟಲನ್ನ' ಅನ್ನುತ್ತಾನೆ. ಅವರು ನಗಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಇನ್ನೊಂದು. 'ಅಲ್ಲಾ ಸ್ವಾಮಿ, ಹೆಂಡ್ತಿ ಬಿದ್ರೆ ಎದ್ದೇಳ್ತಾಳೆ, ಗಾಜು ಬಿದ್ರೆ ಏಳುತ್ತಾ?'

ಅಷ್ಟಕ್ಕೇ ಮುಗಿಯುವುದಿಲ್ಲ. ಅವನು ಹತ್ತು ಹೇಳಿದರೆ ನೀನು ಹನ್ನೊಂದನೆಯದು ಸೇರಿಸುತ್ತೀಯ. 'ಅವತ್ತು ಇವಳು ಅವರ ಸಾಹೇಬ್ರ ತೊಡೆ ಮೇಲೇ ಸೂಪು ಚೆಲ್ಲಿಬಿಟ್ಲು' ಎಂದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತೀಯ. ಅವನು ಕೊನೆಯದಾಗಿ 'ಮಾರನೇ ದಿನ ಮೇಡಂ ಕೈಗೆ ಪ್ಲಾಸ್ಟರ್ ಹಾಕಿಸ್ಕೊಂಡು ಬಂದ್ರು, ಪಾತ್ರೆ ತೊಳೆಯೋದು ತಪ್ಪಿಸ್ಕೊಳ್ಳೋಕೆ' ಅನ್ನುತ್ತಾನೆ. ಈ ಕಥೆಯನ್ನು ನಾನು ಎಷ್ಟು ಊಟಗಳಲ್ಲಿ ಕೂತು ಕೇಳಿದ್ದೇನೆ, ದೇವರಿಗೇ ಗೊತ್ತು. ಆ ಮಾತು ನಮ್ಮ ಮನೆಯಲ್ಲಿ ಗಾದೆಯೇ ಆಗಿಹೋಗಿದೆ. ಚಮಚ ಬಿದ್ದರೂ ಅದೇ, ಪುಸ್ತಕ ಬಿದ್ದರೂ ಅದೇ, ತಮ್ಮನ ಹೆಂಡತಿ ಬಚ್ಚಲಲ್ಲಿ ಜಾರಿದಾಗಲೂ ಅದೇ. ನಗುವವರ ಮುಂದೆ ಎಡವಿ ಬೀಳಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ರಾತ್ರಿ ಊಟದಲ್ಲೂ ನಾನು ತಟ್ಟೆ ನೋಡಿಕೊಂಡು ಕೂರುತ್ತಿದ್ದೆ. ಅಭ್ಯಾಸವಾಗಿದೆ. ಅವನು ಎದ್ದು ನಿಂತ. ಅಷ್ಟರಲ್ಲಿ ಗುಬ್ಬಿ 'ಅಪ್ಪಾ ನಾನ್ ಹೇಳ್ತೀನಿ, ನಾನ್ ಹೇಳ್ತೀನಿ' ಎಂದು ಕುರ್ಚಿ ಹತ್ತಿದಳು. ನೀನು ಚಪ್ಪಾಳೆ ತಟ್ಟಿ 'ಹೇಳು ನನ್ನ ಬಂಗಾರ' ಎಂದೆ. ಅದು ನಿನಗೆ ನೆನಪಿದೆ ತಾನೇ?

ಹೇಳಿದಳು. ಒಂದಕ್ಷರ ಬಿಡದೆ ಹೇಳಿದಳು. ಅವನ ಹಾಗೆಯೇ ಕತ್ತು ಚಾಚಿದಳು, ಅವನ ಹಾಗೆಯೇ ನಿಲ್ಲಿಸಿದಳು, ಅವನ ಹಾಗೆಯೇ ಒಂದು ಹುಬ್ಬು ಎತ್ತಿದಳು. 'ಮೇಡಂ' ಎಂದಳು. ಅಮ್ಮ ಅನ್ನಲಿಲ್ಲ, ಮೇಡಂ ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಒಂಬತ್ತು ವರ್ಷದ ಮಗು ಕುರ್ಚಿಯ ಮೇಲೆ ನಿಂತು 'ಹೆಂಡ್ತಿ ಬಿದ್ರೆ ಎದ್ದೇಳ್ತಾಳೆ' ಅನ್ನುತ್ತಿದೆ, ಸುತ್ತಲೂ ದೊಡ್ಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನೀನು ಅವಳನ್ನು ತಬ್ಬಿ, ಇಡೀ ಮೇಜಿಗೆ ಕೇಳುವ ಹಾಗೆ 'ಥೇಟ್ ಅಪ್ಪನದೇ ಅಚ್ಚು' ಎಂದೆ.

ಮೈಯೆಲ್ಲ ಉರಿದುಹೋಯಿತು ಅಮ್ಮ. ನನ್ನನ್ನು ನೋಡಿ ನೀವು ನಕ್ಕರೆ ನಗಿ, ಅದು ಹಳೆಯ ಕಥೆ. ಆದರೆ ಅವಳು? ಮುಂದೆ ಅವಳು ಒಂದು ಮನೆಯಲ್ಲಿ ಏಣಿಯಿಂದ ಬೀಳುತ್ತಾಳೆ, ಒಬ್ಬ ಬಟ್ಟಲು ಹಿಡಿಯುತ್ತಾನೆ, ಅವಳು ಎದ್ದು ಸೀರೆ ಕೊಡವಿಕೊಂಡು ಎಲ್ಲರ ಜೊತೆ ನಗುತ್ತಾಳೆ. ಅದನ್ನು ಅವಳಿಗೆ ಆ ಮೇಜಿನಲ್ಲಿ ಚಪ್ಪಾಳೆ ತಟ್ಟಿ ಕಲಿಸುತ್ತಿದ್ದೀರಿ. ನನಗೆ ಆ ಕ್ಷಣ ಕಂಡದ್ದು ಅದೊಂದೇ. ಎದ್ದೆ, ಬಟ್ಟಲು ಎತ್ತಿದೆ, ಬಿಟ್ಟೆ. 'ಏಳಲ್ಲ, ನೋಡ್ಕೊಳ್ಳಿ' ಎಂದೆ.

ಕಿತ್ತಳೆಹಣ್ಣು ಹಾಲ್ ತುಂಬ ಉರುಳಿದವು. ತಮ್ಮ ಆಗಲೇ ಮೇಜಿನ ಕೆಳಗೆ ತೂರಿ ಹಣ್ಣು ಹೆಕ್ಕುತ್ತಿದ್ದ, ಅವನಿಗೆ ಯಾವಾಗಲೂ ಮೇಜಿನ ಕೆಳಗೇ ಕೆಲಸ. ಆಗ ನಿನ್ನ ಅಳಿಯಂದ್ರು ಎರಡೂ ಕೈ ಚಾಚಿ, 'ಈ ಸಲ ಸ್ವಲ್ಪ ಲೇಟಾಯ್ತು' ಎಂದ. ಎಲ್ಲರೂ ನಕ್ಕರು. ನೀನೂ ನಕ್ಕೆ ಅಮ್ಮ. ಗಾಬರಿಗೆ ನಕ್ಕೆಯೋ, ಮರ್ಯಾದೆ ಉಳಿಸಲು ನಕ್ಕೆಯೋ, ನನಗೆ ಗೊತ್ತಿಲ್ಲ. ನಗದೇ ಇದ್ದವಳು ಗುಬ್ಬಿ ಒಬ್ಬಳೇ. ಅವಳ ಕೋಟು ಹುಡುಕಿ, ಚಪ್ಪಲಿ ಹಾಕಿಸಿ, ಊಟ ಅರ್ಧಕ್ಕೇ ಬಿಟ್ಟು ಹೊರಟೆವು. ನೀನು ಗೇಟಿನವರೆಗೂ ಬಂದು ಮೆಲ್ಲಗೆ ಬೈದೆ. ಒಳಗಿದ್ದವರಿಗೆ ಕೇಳಿಸದ ಹಾಗೆ ಬೈಯುವುದು ನಿನಗೆ ಚೆನ್ನಾಗಿ ಬರುತ್ತದೆ.

ನಿನ್ನೆ ಫೋನಿನಲ್ಲಿ ನೀನು ಕೇಳಿದೆ, 'ಒಂದು ತಮಾಷೆಗೆ ಇಷ್ಟು ರಂಪ ಮಾಡ್ಬೇಕಿತ್ತಾ?' ಎಂದು. ತಮಾಷೆ ಯಾವುದು ಎಂದು ಈಗ ಬರೆಯುತ್ತೇನೆ. ನಾನು ಏಣಿಯಿಂದ ಬಿದ್ದ ದಿನ ನಮ್ಮ ಆ ಹೊಸ ಮನೆಯಲ್ಲಿ ನೀನೂ ಇದ್ದೆ, ಸಹಾಯಕ್ಕೆಂದು ಬಂದಿದ್ದೆ, ಅಡುಗೆಮನೆಯಲ್ಲಿ ಇದ್ದೆ. ಆದರೂ ಬರೆಯುತ್ತೇನೆ. ಇದನ್ನು ನಾವಿಬ್ಬರೂ ಒಂದು ಸಲವೂ ಬಾಯಿ ಬಿಟ್ಟು ಆಡಿಲ್ಲ.

ಆ ಏಣಿಯ ಒಂದು ಕಾಲು ಮೋಟು. ಯಾರಾದರೂ ಹಿಡಿದುಕೊಳ್ಳದೆ ನಿಲ್ಲುತ್ತಿರಲಿಲ್ಲ. ಹಿಡಿದುಕೊಂಡಿದ್ದವನು ಅವನು. ಅವನ ಕಥೆಯಲ್ಲಿ ಇದು ಬರುವುದೇ ಇಲ್ಲ, ನೀನು ಗಮನಿಸಿದ್ದೀಯಾ? ಕಾಲಿಂಗ್ ಬೆಲ್ ಆಯಿತು. ಅವನ ಸಾಹೇಬರು ಬಂದರು ಎಂದು ಏಣಿ ಬಿಟ್ಟು ಹೋಗಿ ಸೋಫಾದ ದಿಂಬು ನೆಟ್ಟಗೆ ಮಾಡಿದ. ನಾನು ಬಿದ್ದೆ. ಬಲಗೈ ಊರಿ ಬಿದ್ದೆ. ಅವನು ಓಡಿ ಬಂದು ಹಿಡಿದ ಬಟ್ಟಲನ್ನು ಮೇಜಿನ ಮೇಲೆ ಇಟ್ಟು, ನನ್ನ ಅದೇ ಕೈಯನ್ನು ಹಿಡಿದು ಎಳೆದು ಎಬ್ಬಿಸಿ, 'ಏಳು, ಏಳು, ಬಂದ್ರು, ಮುಖ ಸರಿ ಮಾಡ್ಕೋ' ಎಂದ. ನಾನಾಗಿ ಏಳಲಿಲ್ಲ ಅಮ್ಮ. ಅವನ ಗಾದೆ ಅಲ್ಲಿಯೇ ಸುಳ್ಳು.

ಅಡುಗೆಮನೆಗೆ ಬಂದು ನಿನಗೆ ಕೈ ತೋರಿಸಿದೆ. ಆಗಲೇ ಮಣಿಕಟ್ಟು ಬನ್ನಿನಷ್ಟು ಊದಿತ್ತು. ನೀನು ನೋಡಿದೆ. ನಿನ್ನ ಮುಖ ಒಂದು ಗಳಿಗೆ ಬಿಳಚಿಕೊಂಡದ್ದನ್ನು ನಾನೂ ನೋಡಿದೆ. ನಿನ್ನ ಕರವಸ್ತ್ರ ಒದ್ದೆ ಮಾಡಿ ಬಿಗಿಯಾಗಿ ಕಟ್ಟಿದೆ, ನನ್ನ ಬ್ಲೌಸಿನ ಉದ್ದ ತೋಳನ್ನು ಅದರ ಮೇಲೆ ಎಳೆದು ಗುಂಡಿ ಹಾಕಿದೆ. 'ಊಟ ಆಗೋವರೆಗೂ ತಡ್ಕೋ, ಬಂದೋರ ಮುಂದೆ ಬೇಡ' ಎಂದೆ. ಆಮೇಲೆ ಸೂಪಿನ ದೊಡ್ಡ ಪಾತ್ರೆಯನ್ನು ನನ್ನ ಕೈಗೇ ಕೊಟ್ಟೆ. ಮನೆಯವಳೇ ಬಡಿಸಬೇಕು, ಚೆನ್ನಾಗಿ ಕಾಣುತ್ತದೆ ಎಂದೆ. ಸಾಹೇಬರ ತೊಡೆಯ ಮೇಲೆ ಅದು ಯಾಕೆ ಚೆಲ್ಲಿತು ಎಂದು ಅವನಿಗೂ ಗೊತ್ತಿಲ್ಲ, ತಮ್ಮನಿಗೂ ಗೊತ್ತಿಲ್ಲ. ಗೊತ್ತಿರುವುದು ನಿನಗೆ, ನನಗೆ. ಅದನ್ನೇ ನೀನು ಪ್ರತಿ ಚಳಿಗಾಲಕ್ಕೂ ನಗುತ್ತಾ ಹೇಳುತ್ತೀಯ, ನಾನು ಎದುರಿಗೆ ಕೂತಿರುವಾಗಲೇ ಹೇಳುತ್ತೀಯ. ಅವನ ಮೇಲಿನ ಸಿಟ್ಟು ನನಗೆ ಎಂದೋ ಆರಿಹೋಯಿತು. ಇದು ಆರುತ್ತಿಲ್ಲ.

ಮಾರನೇ ದಿನ ಆಸ್ಪತ್ರೆಗೆ ಒಬ್ಬಳೇ ಹೋದೆ. ರಾತ್ರಿಯೇ ಯಾಕೆ ಬರಲಿಲ್ಲ ಎಂದು ಡಾಕ್ಟರು ಗದರಿದರು. ಮನೆಯಲ್ಲಿ ಜನ ಇದ್ದರು ಎಂದೆ. ಮೂಳೆ ಸ್ವಲ್ಪ ಓರೆಯಾಗಿ ಕೂಡಿಕೊಂಡಿತು. ಇವತ್ತಿಗೂ ಬಲಗೈ ಪೂರ್ತಿ ತಿರುಗುವುದಿಲ್ಲ. ಗಾಜಿನ ಮೇಲೆ ಕಟರ್‌ನ ಪುಟ್ಟ ಚಕ್ರವನ್ನು ಒಂದೇ ಒತ್ತಡದಲ್ಲಿ, ಎಲ್ಲೂ ನಿಲ್ಲಿಸದೆ, ಈ ತುದಿಯಿಂದ ಆ ತುದಿಗೆ ಎಳೆಯಬೇಕು. ನಡುವೆ ಕೈ ತಡೆದರೆ ಗಾಜು ತನಗೆ ಬೇಕಾದ ಕಡೆ ಸೀಳುತ್ತದೆ. ಅಂಗಡಿ ಸೇರಿದಾಗ ಎಷ್ಟು ಗಾಜು ಹಾಳು ಮಾಡಿದೆನೋ. ಯಜಮಾನರು ಒಳ್ಳೆಯವರು, ಬೈಯದೆ ಕಾದರು. ಕೊನೆಗೆ ಎಡಗೈಯಲ್ಲಿ ಎಳೆಯುವುದನ್ನು ಕಲಿತೆ. ನೀನು ಒಮ್ಮೆ ಅಂಗಡಿಗೆ ಬಂದಾಗ ನೋಡಿ, 'ಇದೇನೇ, ಎಡಚಿ ಆಗ್ಬಿಟ್ಯಾ' ಎಂದು ನಕ್ಕೆಯಲ್ಲ, ಅದು ಇದಕ್ಕೇ.

ಅಪ್ಪ ಹೋದ ಮೇಲೆ ಮನೆ ಬಿಕೋ ಅನ್ನುತ್ತದೆ, ಅವನು ಬಂದರೆ ಗಲಗಲ ಅನ್ನುತ್ತದೆ, ನಿನಗೆ ಅದು ಬೇಕು. ಅರ್ಥವಾಗದೆ ಏನಿಲ್ಲ. ತಮ್ಮ ನಾಲ್ಕು ಮಾತಾಡುವವನಲ್ಲ. ನಾನು ಬಂದರೆ ಗಂಟು ಮುಖ. ಅವನು ಬಂದು ಕೂತರೆ ಬಂದವರು ಏಳುವುದೇ ಇಲ್ಲ, ನಿನ್ನ ಕೇಕು ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಆದರೆ ನಿನ್ನ ಮನೆ ಬೆಚ್ಚಗಾಗಲು ಒಲೆಗೆ ಪ್ರತಿ ಸಲವೂ ನನ್ನನ್ನೇ ಯಾಕೆ ಒಡ್ಡಬೇಕು? ಬೇರೆ ಕಥೆ ಇಲ್ಲವೇ ಆ ಮನುಷ್ಯನ ಹತ್ತಿರ? ಅವನು ಬಿದ್ದದ್ದು, ಎಡವಿದ್ದು ಒಂದೂ ಇಲ್ಲವೇ? ನಾನು ಹದಿಮೂರು ವರ್ಷ ಜೊತೆಗಿದ್ದವಳು, ಬೇಕಾದಷ್ಟಿವೆ. ಒಂದು ದಿನವೂ ಮೇಜಿನ ಮುಂದೆ ಹೇಳಲಿಲ್ಲ.

ಈಗ ನನ್ನ ಮಾತು ಇಷ್ಟೇ. ಗುಬ್ಬಿಗೆ ಅವಳ ಅಪ್ಪ ಬೇಕು, ಭಾನುವಾರಗಳು ಅವನವು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ನಿನ್ನ ಮನೆಗೆ ಅವನು ಬರುವುದಾದರೆ ಬರಲಿ. ಆ ದಿನ ನಾನೂ ಬರುವುದಿಲ್ಲ, ಗುಬ್ಬಿಯೂ ಬರುವುದಿಲ್ಲ. ಆ ಕಥೆಯನ್ನು ಅವಳ ಮುಂದೆ ಇನ್ನೊಮ್ಮೆ ಹೇಳಿದರೆ, ಅದು ನೀನಾಗಲಿ, ಅವನಾಗಲಿ, ಆಮೇಲೆ ನಿನ್ನ ಮನೆಯ ಚಳಿಗಾಲ ನಮಗಿಲ್ಲ. ಆ ಮದುವೆಯ ಫೋಟೋ ಇಳಿಸು. ಇಳಿಸುವುದಕ್ಕೆ ಅಳಿಯಂದ್ರನ್ನು ಕರೆಯಬೇಡ, ಅದು ಒಂದೇ ಮೊಳೆಯ ಮೇಲಿದೆ, ತಮ್ಮನಿಗೆ ಸ್ಟೂಲು ಬೇಕಾಗುವುದಿಲ್ಲ.

ಇದು ಬೆದರಿಕೆಯಾ ಎಂದು ನೀನು ಕೇಳುತ್ತೀಯ. ಹೌದು, ಬೆದರಿಕೆಯೇ. ಇಷ್ಟು ವರ್ಷ ನಯವಾಗಿ ಇದ್ದು ನೋಡಿದೆನಲ್ಲ, ಏನು ಸಿಕ್ಕಿತು?

ಹೊಸ ಬಟ್ಟಲು ತಂದುಕೊಡು ಎಂದು ಮಾತ್ರ ಕೇಳಬೇಡ. ಹಣ್ಣನ್ನು ಬುಟ್ಟಿಯಲ್ಲಿ ಇಟ್ಟರೂ ಹಣ್ಣೇ. ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ. ಜಮಖಾನೆಯನ್ನು ಬಿಸಿಲಿಗೆ ಹಾಕಿ, ಮಗ್ಗುಲು ಮಗ್ಗುಲಾಗಿ ಒದ್ದೆ ಹತ್ತಿ ಒತ್ತಿ ತೆಗೆ, ಸಣ್ಣ ಚೂರೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತದೆ. ಅಂಗಡಿಯಲ್ಲಿ ನಾವು ಮಾಡುವುದು ಹಾಗೆಯೇ. ಬರಿಗಾಲಲ್ಲಿ ಓಡಾಡಬೇಡ.

ನಿನ್ನ ಮೇಲೆ ಕೋಪ ಇನ್ನೂ ಇಳಿಯದ,
ನಿನ್ನ ಮಗಳು

ಮರೆತಿದ್ದಲ್ಲ, ಬರೆಯಲು ಮನಸ್ಸಾಗದೆ ಬಿಟ್ಟಿದ್ದು: ಬಟ್ಟಲು ಒಡೆದ ರಾತ್ರಿ ಬಸ್ಸಿನಲ್ಲಿ ಗುಬ್ಬಿ ತನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. ಆಮೇಲೆ ನನ್ನ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, 'ಅಮ್ಮಾ, ಪ್ಲಾಸ್ಟರ್ ಸುಮ್ನೆ ಹಾಕಿಸ್ಕೊಂಡಿದ್ದಾ, ನಿಜವಾಗ್ಲೂ ನೋವಾಗಿತ್ತಾ?' ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನಾನು ಏನು ಹೇಳಿದೆ ಗೊತ್ತಾ? ನಕ್ಕೆ. 'ಇಲ್ಲ ಕಂದಾ, ಏನೂ ಆಗಿರ್ಲಿಲ್ಲ' ಎಂದೆ. ಪಕ್ಕದ ಸೀಟಿನಲ್ಲಿ ಜನ ಇದ್ದರು. ಅವಳು ಸರಿ ಎಂದು ಕೈ ಬಿಟ್ಟು ಕಿಟಕಿಯ ಕಡೆ ತಿರುಗಿದಳು. ಅವತ್ತಿನಿಂದ ನನಗೂ ನಿದ್ದೆ ಇಲ್ಲ ಅಮ್ಮ. ಈಗ ಕೆಳಗಿನ ಮನೆಯಲ್ಲಿ ಆಡಲು ಹೋಗಿದ್ದಾಳೆ. ಬಂದ ಕೂಡಲೇ ಕೂರಿಸಿಕೊಂಡು, ಹೌದು, ನೋವಾಗಿತ್ತು, ತುಂಬ ನೋವಾಗಿತ್ತು ಎಂದು ಹೇಳಬೇಕು. ಅದನ್ನು ಹೇಳದೆ ಈ ಕಾಗದವನ್ನು ಅಂಚೆಗೆ ಹಾಕಲು ನನಗೆ ಮುಖವಿಲ್ಲ. ಇದು ನಿನ್ನ ಕೈ ಸೇರಿದೆ ಎಂದರೆ, ಅವಳಿಗೆ ಹೇಳಿದ್ದೇನೆ ಎಂದು ತಿಳಿ.